ಕಿಸೆಯ ಚಾಕು ಕಪ್ಪಾದರೆ ಕೆಟ್ಟಿತು ಅಂತಲ್ಲ

ಪ್ರಶ್ನೆ: ನಾನು ಕಾರವಾರದ ಕೋಡಿಬಾಗದವನು, ಬ್ಯಾಂಕಿನಿಂದ ನಿವೃತ್ತ. ಮಗ ಫ್ರಾನ್ಸಿನಿಂದ ಬರುವಾಗ ಒಂದು ಮಡಚುವ ಚಾಕು ತಂದುಕೊಟ್ಟ. ಮರದ ಹಿಡಿಯ ಒಪಿನೆಲ್ ನಂಬರ್ 8, ಸ್ಟೇನ್‌ಲೆಸ್ ಅಲ್ಲದ ಉಕ್ಕು. ಬೇಸಿಗೆಯಲ್ಲಿ ಮಾವಿನಕಾಯಿ, ನೀರಡಿಕೆ (ನೀರಿನಲ್ಲಿ ನೆನೆಸಿಟ್ಟ ಅಡಿಕೆ) ಎಲ್ಲ ಅದರಲ್ಲೇ ಕೊಯ್ದೆ, ಬಹಳ ಖುಷಿಯಾಯಿತು. ಆದರೆ ಅಲಗು ಕಪ್ಪಾಗಿದೆ. ಮಳೆ ಹಿಡಿದ ಮೇಲೆ ಬಿಚ್ಚಲಿಕ್ಕೇ ಬರುತ್ತಿಲ್ಲ. ಬುಡದಲ್ಲಿ ಕೆಂಪು ತುಕ್ಕೂ ಕಾಣುತ್ತಿದೆ. ಇದನ್ನು ಉಳಿಸಿಕೊಳ್ಳುವುದು ಹೇಗೆ? ನಮ್ಮ ಕರಾವಳಿಗೆ ಬೇರೆ ಚಾಕು ಒಳ್ಳೆಯದಾ? ಮಸೆಯುವುದು ಹೇಗೆ? ಕಿಸೆಯಲ್ಲಿಟ್ಟುಕೊಂಡು ತಿರುಗಿದರೆ ಕಾನೂನಿನ ತೊಂದರೆ ಇದೆಯಾ? ಇನ್ನೊಂದು, ‘ಮನೆಯಲ್ಲಿ ಈಳಿಗೆಮಣೆ ಇದೆ, ಅಡಕತ್ತರಿ ಇದೆ, ಕತ್ತಿ ಇದೆ, ಇದೊಂದು ಯಾಕೆ?’ ಅಂತ ಹೆಂಡತಿ ಕೇಳುತ್ತಾಳೆ. ಅದಕ್ಕೂ ಉತ್ತರ ಬೇಕು.

ಉತ್ತರ: ಮೊದಲು ಚಾಕು ಬಿಚ್ಚೋಣ, ಮಾತು ಆಮೇಲೆ.

ಹಿಡಿಯ ತಲೆಯಲ್ಲಿ ಉಕ್ಕಿನ ಬಳೆ ಇದೆಯಲ್ಲ, ಅದನ್ನು ತಿರುಗಿಸಿ ಅದರ ಬಾಯಿ ಹಿಡಿಯ ಸೀಳಿನ ನೇರಕ್ಕೆ ತನ್ನಿ. ಈಗಿನ ಒಪಿನೆಲ್‌ಗಳಲ್ಲಿ ಮಡಚಿದಾಗಲೂ ಆ ಬಳೆ ಬೀಗ ಹಾಕುತ್ತದೆ. ಅದು ಗೊತ್ತಿಲ್ಲದೆ ಉಗುರು ಮುರಿದುಕೊಂಡವರು ಬೇಕಾದಷ್ಟು ಜನ ಇದ್ದಾರೆ. ಬಳೆ ಸರಿಯಾದ ಮೇಲೆ ಹಿಡಿಯ ಬುಡದ ತುದಿಯನ್ನು ಗಟ್ಟಿ ಮೇಜಿಗೆ ಟಕ್ ಅಂತ ಬಡಿಯಿರಿ. ಬೆರಳು ಸೀಳಿನ ಮೇಲೆ ಇರಬಾರದು. ಎರಡು ಮೂರು ಏಟಿಗೆ ಅಲಗಿನ ಮೊನೆ ಹೊರಗೆ ಇಣುಕುತ್ತದೆ. ಇದು ನನ್ನ ಕಂಡುಹಿಡಿತವೇನಲ್ಲ. ಆ ಚಾಕು ಹುಟ್ಟಿದ ಫ್ರಾನ್ಸಿನ ಸವೊಯ್ ಸೀಮೆಯವರು ಹಿಂದಿನಿಂದ ಮಾಡಿಕೊಂಡು ಬಂದದ್ದು. ಅಂದರೆ ಅಲ್ಲೂ ಹಿಡಿ ಉಬ್ಬುತ್ತದೆ ಅಂತಾಯಿತು.

ಉಬ್ಬುವುದು ಯಾಕೆಂದರೆ ಆ ಹಿಡಿ ಬೀಚ್ ಮರದ್ದು. ಮರ ನೀರು ಕುಡಿದಾಗ ಉದ್ದಕ್ಕೆ ಬೆಳೆಯುವುದಿಲ್ಲ, ಅಡ್ಡಕ್ಕೆ ಉಬ್ಬುತ್ತದೆ. ಅಲಗು ಕೂರುವ ಸೀಳು ಕಿರಿದಾಗಿ ಉಕ್ಕನ್ನು ಕಚ್ಚಿಕೊಳ್ಳುತ್ತದೆ. ಜೋಸೆಫ್ ಒಪಿನೆಲ್ 1890ರಲ್ಲಿ ಆಲ್ಪ್ಸ್ ತಪ್ಪಲಿನ ರೈತರಿಗಾಗಿ ಈ ಚಾಕು ಮಾಡಿದ. ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ ಬೀಳುವ, ಅದರಲ್ಲಿ ಹೆಚ್ಚಿನ ಪಾಲು ಮೂರು ನಾಲ್ಕು ತಿಂಗಳಲ್ಲೇ ಸುರಿಯುವ ಕಾರವಾರ ಅವನ ಲೆಕ್ಕದಲ್ಲಿ ಇರಲಿಲ್ಲ. ನಮ್ಮ ಸಿರ್ಸಿಯ ಕಥೆಯೂ ಅಷ್ಟೇ. ಆಷಾಢದಲ್ಲಿ ಬಾಗಿಲು ಹಾಕಲು ಬರುವುದಿಲ್ಲ, ಕಪಾಟಿನ ಖಾನೆ ಎಳೆದರೆ ಬರುವುದಿಲ್ಲ. ಚಾಕು ಮಾತ್ರ ಹೇಗೆ ಬಂದೀತು?

ರಿಪೇರಿ ದೊಡ್ಡದಲ್ಲ. ಚಾಕುವನ್ನು ಬಿಚ್ಚಿದಂತೆಯೇ ಫ್ಯಾನಿನ ಕೆಳಗೆ ಎರಡು ಮೂರು ದಿನ ಇಡಿ. ಬಿಸಿಲಿಗೆ ಅಥವಾ ಒಲೆಯ ಹತ್ತಿರ ಬೇಡ, ಮರ ಸೀಳುತ್ತದೆ. ಆಮೇಲೆ ತೆಳುವಾದ ಸ್ಟೀಲ್ ಸ್ಕೇಲಿಗೆ ಉಪ್ಪುಕಾಗದ ಸುತ್ತಿ ಸೀಳಿನ ಒಳಗೋಡೆಯನ್ನು ಎರಡೂ ಕಡೆ ಹದವಾಗಿ ಉಜ್ಜಿ. ಜಾಸ್ತಿ ಉಜ್ಜಬೇಡಿ. ಬೇಸಿಗೆಯಲ್ಲಿ ಮರ ಒಣಗಿದಾಗ ಅಲಗು ಸಡಿಲವಾಗಿ ಅಲ್ಲಾಡುತ್ತದೆ. ಮಳೆಗಾಲದಲ್ಲಿ ಸ್ವಲ್ಪ ಬಿಗಿ, ಬೇಸಿಗೆಯಲ್ಲಿ ಸ್ವಲ್ಪ ಸಡಿಲ ಇದ್ದರೆ ಅದೇ ಸರಿಯಾದ ಅಳತೆ. ಉಜ್ಜಿದ ಮೇಲೆ ಹಿಡಿಯ ಒಳಗೂ ಹೊರಗೂ ಅಗಸೆ ಎಣ್ಣೆ ಹಚ್ಚಿ. ಪೇಂಟಿನ ಅಂಗಡಿಯಲ್ಲಿ ಲಿನ್ಸೀಡ್ ಆಯಿಲ್ ಅಂತ ಕೇಳಿದರೆ ಕೊಡುತ್ತಾರೆ. ತೆಳುವಾಗಿ ಹಚ್ಚಿ ಒರೆಸಿ ಒಣಗಲು ಬಿಡಿ, ಇನ್ನೊಮ್ಮೆ ಹಚ್ಚಿ. ಅದು ಮರದೊಳಗೆ ಇಳಿದು ಗಟ್ಟಿಯಾಗುತ್ತದೆ. ತೆಂಗಿನೆಣ್ಣೆ ಹಾಗಲ್ಲ, ಎಷ್ಟು ದಿನ ಹೋದರೂ ಒಣಗುವುದಿಲ್ಲ. ಒಂದು ಎಚ್ಚರಿಕೆ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುತ್ತಾ ಬಿಸಿಯಾಗಿ ತಾನೇ ಬೆಂಕಿ ಹತ್ತಿಕೊಳ್ಳುವುದುಂಟು. ಹರಡಿ ಒಣಗಿಸಿ, ಆಮೇಲೆ ಎಸೆಯಿರಿ.

ಈಗ ಬಣ್ಣದ ವಿಷಯ. ನಿಮ್ಮ ಅಲಗಿನಲ್ಲಿರುವುದು ಎರಡು ಬೇರೆ ಬೇರೆ ಸಂಗತಿ. ಕಪ್ಪು ಬೇರೆ, ಕೆಂಪು ಬೇರೆ.

ಕಪ್ಪಿಗೆ ಹೆದರಬೇಡಿ. ಅಡಿಕೆಯಲ್ಲಿ, ಬಾಳೆಕಾಯಿಯಲ್ಲಿ ಟ್ಯಾನಿನ್ ಎಂಬ ಒಗರು ಇರುತ್ತದೆ. ಅದು ಕಬ್ಬಿಣದ ಜೊತೆ ಸೇರಿದರೆ ಕರಿ. ನಮ್ಮ ಹಿಂದಿನವರು ಅಳಲೆಕಾಯಿಗೆ ಅನ್ನಭೇದಿ ಸೇರಿಸಿ ಬರೆಯುವ ಮಸಿ ಮಾಡುತ್ತಿದ್ದರಲ್ಲ, ನಿಮ್ಮ ಚಾಕುವಿನ ಮೇಲೆ ಆಗಿರುವುದೂ ಅದೇ. ಮಾವಿನಕಾಯಿಯ ಹುಳಿ ಅದಕ್ಕೆ ಬೂದು, ನೀಲಿ ಬಣ್ಣ ಕೂಡಿಸುತ್ತದೆ. ಈ ಪದರ ಉಕ್ಕಿಗೆ ಗಟ್ಟಿಯಾಗಿ ಅಂಟಿಕೊಂಡು ಕೂತು, ಕೆಂಪು ತುಕ್ಕು ಬರುವುದನ್ನು ಸ್ವಲ್ಪಮಟ್ಟಿಗೆ ತಡೆಯುತ್ತದೆ. ಮನೆಯ ಹಳೇ ಈಳಿಗೆಮಣೆಯನ್ನೊಮ್ಮೆ ನೋಡಿ, ಅಲಗು ಕರ್ರಗಿರುತ್ತದೆ, ಬಾಯಿ ಮಾತ್ರ ಬೆಳ್ಳಿ ಗೆರೆ. ಚಾಕು ಪ್ರಿಯರಲ್ಲಿ ಕೆಲವರು ಹೊಸ ಚಾಕು ತಂದ ದಿನವೇ ವಿನೆಗರ್‌ನಲ್ಲಿ ಅದ್ದಿ ಬೇಕಂತಲೇ ಕಪ್ಪು ಮಾಡುತ್ತಾರೆ. ನನಗೆ ಅದು ಇಷ್ಟವಿಲ್ಲ. ಒಂದು ಮಾವಿನ ಕಾಲ ಕಳೆದರೆ ತಾನಾಗಿಯೇ ಬರುವ ಬಣ್ಣಕ್ಕೆ ಅವಸರ ಯಾಕೆ?

ಕೆಂಪು ಮಾತ್ರ ಶತ್ರು. ಅದು ಪುಡಿಪುಡಿಯಾಗಿ ಏಳುತ್ತದೆ, ಎದ್ದ ಕಡೆ ಉಕ್ಕನ್ನು ತಿನ್ನುತ್ತಾ ಹೋಗುತ್ತದೆ. ನಿಮ್ಮಲ್ಲಿ ಬುಡದಲ್ಲೇ ಬಂದಿದೆ ಅಂದರೆ ನೀರು ಕೀಲಿನೊಳಗೆ ನಿಂತಿದೆ. ಕೊಯ್ದು ಮುಗಿದ ಮೇಲೆ ನಲ್ಲಿಯ ಕೆಳಗೆ ಹಿಡಿದು, ಕೊಡವಿ, ಹಾಗೇ ಮಡಚಿಟ್ಟಿರಬೇಕು, ಅಲ್ವಾ? ಬರೀ ಅಲಗನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣ ಬಟ್ಟೆಯಲ್ಲಿ ಒರೆಸಿ, ಅರ್ಧ ಗಂಟೆ ಬಿಚ್ಚಿಟ್ಟು ಆಮೇಲೆ ಮಡಚಿ. ಈಗ ಬಂದಿರುವ ತುಕ್ಕಿಗೆ ತೆಂಗಿನೆಣ್ಣೆ ಹಚ್ಚಿ ಒಂದು ರಾತ್ರಿ ಬಿಟ್ಟು, ಹಳೇ ಟೂತ್‌ಬ್ರಷ್‌ನಿಂದ ತಿಕ್ಕಿ. ಹೋಗದಿದ್ದರೆ ತುಂಬಾ ನುಣುಪಾದ ಉಪ್ಪುಕಾಗದ. ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದೇ ಹನಿ. ಅಲಗಿಗೆ ತೆಂಗಿನೆಣ್ಣೆ ಸಾಕು, ತಿನ್ನುವ ಪದಾರ್ಥ ಕೊಯ್ಯುವ ಚಾಕುವಿಗೆ ಅದೇ ಒಳ್ಳೆಯದು. ಆದರೆ ಕೀಲಿಗೆ ಹಾಕಬೇಡಿ, ತಿಂಗಳು ಕಳೆದರೆ ಅಂಟುಅಂಟಾಗುತ್ತದೆ. ಚರ್ಮದ ಚೀಲ ಇದ್ದರೆ ಮಳೆಗಾಲ ಮುಗಿಯುವವರೆಗೆ ಅದರಲ್ಲಿ ಚಾಕು ಇಡಲೇಬೇಡಿ. ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ.

ಎಲ್ಲಕ್ಕಿಂತ ಸುಲಭದ ಉಪಾಯ ಅಂದರೆ ದಿನಾ ಬಳಸುವುದು. ದಿನಾ ಕೈಗೆ ಬರುವ ಚಾಕುವನ್ನು ದಿನಾ ಒರೆಸುತ್ತೀರಿ, ಕಣ್ಣು ಅದರ ಮೇಲೇ ಇರುತ್ತದೆ. ಒಳ್ಳೆಯ ಚಾಕು ಅಂತ ಕಪಾಟಿನಲ್ಲಿ ಜೋಪಾನ ಮಾಡಿಟ್ಟು, ಚೌತಿಗೆ ತೆಗೆದು ನೋಡುವಾಗ ತುಕ್ಕಿನ ಮುದ್ದೆ ಆಗಿರುತ್ತದೆ. ರಿಪೇರಿಗೆ ನನ್ನ ಹತ್ತಿರ ಬರುವ ಚಾಕುಗಳಲ್ಲಿ ಬಳಸಿ ಹಾಳಾದದ್ದು ಕಡಿಮೆ, ಇಟ್ಟು ಹಾಳಾದದ್ದೇ ಜಾಸ್ತಿ.

ನಿಮ್ಮ ಮನೆಯವರ ಪ್ರಶ್ನೆಗೂ ಇಲ್ಲೇ ಉತ್ತರ ಇದೆ. ಅವರು ಹೇಳುವುದು ಸರಿ, ಅಡುಗೆಮನೆಗೆ ಈ ಚಾಕು ಬೇಡ. ಈಳಿಗೆಮಣೆಯ ಮುಂದೆ ಇದು ಲೆಕ್ಕಕ್ಕೇ ಇಲ್ಲ. ಕಾಡಿಗೆ, ತೋಟಕ್ಕೆ ಹೋಗುವವರ ಸೊಂಟದ ಕೊಕ್ಕೆಯಲ್ಲಿ ಕತ್ತಿ ಇದ್ದೇ ಇರುತ್ತದೆ, ಅದರ ಮುಂದೆಯೂ ಇದು ಏನೂ ಅಲ್ಲ. ಆದರೆ ಅವೆಲ್ಲ ಅವುಗಳ ಜಾಗದಲ್ಲಿ ಇರುತ್ತವೆ. ಕಿಸೆಯ ಚಾಕು ನೀವು ಕೂತಲ್ಲಿ ಇರುತ್ತದೆ. ಅದರ ಸುಖ ಪೂರ್ತಿ ಅದೇ.

ಕವಳದ, ಅಂದರೆ ಎಲೆಯಡಿಕೆಯ ಹೊತ್ತನ್ನೇ ನೋಡಿ. ಊಟ ಆಗಿದೆ, ಜಗಲಿಯಲ್ಲಿ ನಾಲ್ಕು ಜನ ಕೂತಿದ್ದಾರೆ, ಬಟ್ಟಲು ಮಧ್ಯದಲ್ಲಿದೆ. ಒಣಗಿದ ಚಾಲಿ ಅಡಿಕೆಗೆ ಚಾಕು ಹಾಕಬೇಡಿ. ಅದು ಅಡಕತ್ತರಿಯ ಕೆಲಸ, ಚಾಕುವಿನ ಬಾಯಿ ಮುರಿಯುತ್ತದೆ. ಹಸಿ ಅಡಿಕೆ, ನೀರಡಿಕೆ ಆದರೆ ಚಾಕುವೇ ಸೈ. ಅಡಿಕೆಯನ್ನು ಎಡಗೈಯ ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು, ಅಲಗನ್ನು ನಿಧಾನ ಎಳೆದರೆ ಹೋಳು ಬಿಳಿ-ಕಂದು ಗೆರೆಗಳ ಸಮೇತ ಒಂದೇ ದಪ್ಪದಲ್ಲಿ ಬಿಚ್ಚಿಕೊಂಡು ಬರುತ್ತದೆ. ಒತ್ತಬಾರದು, ಎಳೆಯಬೇಕು. ಒತ್ತಿದರೆ ಅಡಿಕೆ ಜಾರುತ್ತದೆ, ಚಾಕು ಬೆರಳಿಗೆ ಬರುತ್ತದೆ. ಎರಡು ಹೋಳು ಆಗುವಷ್ಟರಲ್ಲಿ ಅಲಗಿನ ಮೇಲೆ ಒಗರಿನ ಕೆಂಪು ನೀರು ಹರಡುತ್ತದೆ, ಒರೆಸದೆ ಬಿಟ್ಟರೆ ಮಾತು ಮುಗಿಯುವುದರೊಳಗೆ ಕರಿ ಕಲೆ. ಅಡಿಕೆ ತಿನ್ನುವುದು ಆರೋಗ್ಯಕ್ಕೆ ಒಳ್ಳೆಯದಲ್ಲ, ಬಾಯಿಯ ಕ್ಯಾನ್ಸರಿಗೆ ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗವೇ ಹೇಳಿದೆ. ಅಡಿಕೆ ಬೆಳೆಯುವ ಊರಿನವನು ಇದನ್ನು ಹೇಳಿದರೆ ನಮ್ಮ ಜಗಲಿಯಲ್ಲಿ ಯಾರೂ ಮುಖ ಕೊಡುವುದಿಲ್ಲ. ಆದರೂ ಹೇಳಿದ್ದೇನೆ.

ಕವಳ ಬೇಡ ಅಂದರೆ ಮಾವು ಇದೆ. ಅಂಕೋಲೆಯ ಕರಿ ಇಶಾಡಿಗೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಗುರುತು ಸಿಗದಿದ್ದರೂ ಅದರ ರುಚಿಗೆ ಏನೂ ಕಮ್ಮಿ ಇರಲಿಲ್ಲ. ಸಿಪ್ಪೆ ತೆಳು, ಹಣ್ಣು ಮೆತ್ತಗೆ, ಮೊಂಡು ಚಾಕು ಹಾಕಿದರೆ ಹಿಂಡಿಹೋಗುತ್ತದೆ. ತೆಳುವಾದ, ಹರಿತದ ಅಲಗು ಇದ್ದರೆ ಗೊರಟಿನ ಪಕ್ಕಕ್ಕೆ ಒಂದೇ ಎಳೆತ. ಅದೇ ಚಾಕುವಿನ ಮೊನೆಯಿಂದ ಒಳಗೆ ಚೌಕ ಗೀರಿ ಮೊಮ್ಮಗನ ಕೈಗೆ ಕೊಡಿ. ಮಾವಿನಕಾಯಿ ಆದರೆ ಮೊದಲು ತೊಟ್ಟು ತೆಗೆದು ಸೊನೆ ಸುರಿಸಿಬಿಡಿ, ಚಾಕುವಿಗಿಂತ ನಿಮ್ಮ ತುಟಿಗೆ ಒಳ್ಳೆಯದು. ಹಲಸಿಗೆ ಮಾತ್ರ ಕಿಸೆಯ ಚಾಕು ತೆಗೆಯಬೇಡಿ. ಮೇಣ ಕೀಲಿನೊಳಗೆ ಹೋದರೆ ಬಿಡಿಸುವಾಗ ಸಾಕುಬೇಕಾಗುತ್ತದೆ. ತೆಗೆಯಲೇಬೇಕಾದರೆ ಅಲಗಿಗೂ ಕೀಲಿಗೂ ಮೊದಲೇ ಎಣ್ಣೆ ಸವರಿಕೊಳ್ಳಿ.

ಹೀಗೆ ಹೇಳುತ್ತಾ ಹೋದರೆ ಮುಗಿಯುವುದಿಲ್ಲ. ಪಾರ್ಸೆಲ್ಲಿನ ಸುತಳಿ, ಹೂವಿನ ದಂಡೆ ಕಟ್ಟುವ ಬಾಳೆನಾರು, ಮೊಮ್ಮಗಳ ಪೆನ್ಸಿಲ್. ಪೆನ್ಸಿಲ್ ಶಾರ್ಪ್‌ನರ್‌ನಲ್ಲೂ ಆಗುತ್ತದೆ, ನಿಜ. ಆದರೆ ಚಾಕುವಿನಲ್ಲಿ ಕೆತ್ತುವಾಗ ಮಗು ಪಕ್ಕದಲ್ಲಿ ಕೂತು ನೋಡುತ್ತದೆ, ಶಾರ್ಪ್‌ನರ್ ತಿರುಗಿಸುವುದನ್ನು ಯಾರೂ ಕೂತು ನೋಡುವುದಿಲ್ಲ. ಸಿರ್ಸಿಯಲ್ಲಿ ನಾವೊಂದು ನಾಲ್ಕಾರು ಜನ ಸಂಜೆ ಚಾ ಕುಡಿಯುವಾಗ ಇಂಥದ್ದೇ ಮಾತಾಡುವುದು. ಒಬ್ಬ ಚಾಕು ಬಿಚ್ಚಿ ಮಡಚಿ ‘ಟಕ್’ ಅನ್ನಿಸುತ್ತಾನೆ, ಇನ್ನೊಬ್ಬ ‘ನಂದು ಕೇಳು’ ಅಂತ ತೆಗೆಯುತ್ತಾನೆ. ಹೊರಗಿನವರಿಗೆ ಸುಮ್ನೆ ಹುಡುಗಾಟ ಅನ್ನಿಸಬಹುದು, ಅದು ಹುಡುಗಾಟವೇ.

ಇನ್ನು ಕರಾವಳಿಗೆ ಬೇರೆ ಚಾಕು ಬೇಕಾ ಅಂತ ಕೇಳಿದಿರಿ. ಕಾಳಿ ನದಿಯ ದಂಡೆಯಲ್ಲಿ ಗಾಳ ಹಾಕುವ ಅಭ್ಯಾಸ ಇದ್ದರೆ ಖಂಡಿತ ಬೇಕು. ಉಪ್ಪುನೀರು, ಶೆಟ್ಲಿ (ಸಿಗಡಿ) ಕೊಯ್ದ ಕೈ, ಈ ಎರಡಕ್ಕೆ ಮರದ ಹಿಡಿಯ, ಕಪ್ಪಾಗುವ ಉಕ್ಕಿನ ಚಾಕು ಆಗುವುದಿಲ್ಲ. ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್ ಚಾಕುಗಳಲ್ಲಿ ಅಲಾಕ್ಸ್ ಅಂತ ಒಂದು ಬಗೆ ಇದೆ. ಹಿಡಿ ಅಲ್ಯೂಮಿನಿಯಂ, ಕೈ ಜಾರದಂತೆ ಉಬ್ಬು ಚುಕ್ಕೆ. 1961ರಲ್ಲಿ ಅಲ್ಲಿನ ಸೈನಿಕರಿಗೆ ಕೊಟ್ಟ ಚಾಕುವಿನ ಹಿಡಿ ಇದೇ. ಉಬ್ಬುವುದಿಲ್ಲ, ಬೂಸ್ಟು ಹಿಡಿಯುವುದಿಲ್ಲ, ಅಲಗು ಸ್ಟೇನ್‌ಲೆಸ್. ಕಾರವಾರದವರು ಒಂದೇ ಚಾಕು ಕೊಳ್ಳುವುದಾದರೆ ನಾನು ಹೇಳುವುದು ಇದನ್ನೇ. ಒಪಿನೆಲ್ ಮೇಲೇ ಮನಸ್ಸಿದ್ದರೆ ಅದರಲ್ಲೂ ಸ್ಟೇನ್‌ಲೆಸ್ ಅಲಗಿನದ್ದು ಬರುತ್ತದೆ, ಹಿಡಿ ಮಾತ್ರ ಅದೇ ಮರ. ಸ್ಟೇನ್‌ಲೆಸ್ ಅಂದರೆ ತುಕ್ಕೇ ಹಿಡಿಯುವುದಿಲ್ಲ ಅಂತಲ್ಲ ಮತ್ತೆ. ಅದರಲ್ಲಿರುವ ಕ್ರೋಮಿಯಂ ಮೇಲೊಂದು ಕಾಣದ ಪದರ ಕಟ್ಟುತ್ತದೆ, ಸಮುದ್ರದ ಉಪ್ಪು ಆ ಪದರವನ್ನೂ ಅಲ್ಲಲ್ಲಿ ಚುಚ್ಚಿ ಸಣ್ಣ ಗುಳಿ ಮಾಡುತ್ತದೆ. ದಂಡೆಯಿಂದ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆದು ಒಣಗಿಸಿದರೆ ಮಂಡೆಬಿಸಿ ಇಲ್ಲ.

ಒಂದು ವ್ಯತ್ಯಾಸ ನೆನಪಿರಲಿ. ನಿಮ್ಮ ಒಪಿನೆಲ್‌ಗೆ ಬಳೆಯ ಬೀಗ ಇದೆ, ಅದು 1955ರಲ್ಲಿ ಬಂದದ್ದು. ಸ್ವಿಸ್ ಚಾಕುಗಳಲ್ಲಿ ಹೆಚ್ಚಿನವಕ್ಕೆ ಬೀಗ ಇಲ್ಲ, ಬೆನ್ನಿನ ಸ್ಪ್ರಿಂಗ್ ಮಾತ್ರ ಅಲಗನ್ನು ಹಿಡಿದಿರುತ್ತದೆ. ಹಾಗಾಗಿ ಮೊನೆಯಿಂದ ಚುಚ್ಚುವುದು, ಡಬ್ಬದ ಮುಚ್ಚಳ ಮೀಟುವುದು ಮಾಡಿದರೆ ಅಲಗು ಬೆರಳಿನ ಮೇಲೆ ಮಡಚಿಕೊಳ್ಳುತ್ತದೆ.

ಜಾತ್ರೆಯಲ್ಲಿ, ಸಂತೆಯಲ್ಲಿ ಸಿಗುವ ಊರ ಚಾಕು ಆಗುತ್ತದಾ ಅಂತ ಕೆಲವರು ಕೇಳುತ್ತಾರೆ. ಆಚಾರಿಗಳು ಹಳೇ ಲಾರಿಯ ಸ್ಪ್ರಿಂಗ್ ಪ್ಲೇಟಿನಿಂದ ಬಡಿದ ಕತ್ತಿಗೆ ಸಾಟಿ ಇಲ್ಲ. ಅದು ಒಳ್ಳೆಯ ಉಕ್ಕು, ಹದ ಸರಿ ಬಿದ್ದರೆ ತಲೆಮಾರು ಬಾಳುತ್ತದೆ. ಆದರೆ ಮಡಚುವ ಚಾಕುವಿನ ಕೀಲು ಬೇರೆಯೇ ಕಸುಬು. ಸಂತೆಯ ಅಗ್ಗದ ಮಡಚುವ ಚಾಕುಗಳಲ್ಲಿ ಕೀಲು ಸಡಿಲ ಇರುತ್ತದೆ. ಕೊಳ್ಳುವ ಮೊದಲು ಬಿಚ್ಚಿ, ಅಲಗನ್ನು ಅಕ್ಕಪಕ್ಕ ಅಲ್ಲಾಡಿಸಿ ನೋಡಿ. ಅಲ್ಲಾಡಿದರೆ ಅಲ್ಲೇ ಇಟ್ಟುಬಿಡಿ. ಇನ್ನು ತೋಟ ಇದ್ದು ಅಪ್ಪೆಮಿಡಿ ಮಾವಿನ ಕಸಿ ಕಟ್ಟುವವರು ಕಸಿ ಚಾಕುವನ್ನು ಬೇರೆಯೇ ಇಡಬೇಕು. ಅದರ ಬಾಯಿಯನ್ನು ಸಾಮಾನ್ಯವಾಗಿ ಒಂದೇ ಮಗ್ಗುಲಿಗೆ ಮಸೆದಿರುತ್ತಾರೆ, ಕೊಯ್ದ ಮುಖ ಸಪಾಟಾಗಿ ಬಂದು ಕೊಂಬೆ ಕೊಂಬೆ ಕೂಡಿಕೊಳ್ಳಲಿ ಅಂತ. ಅದರಲ್ಲಿ ಕವಳದ ಅಡಿಕೆ ಕೊಯ್ದರೆ ಎರಡೂ ಕೆಲಸ ಕೆಡುತ್ತದೆ.

ಮಸೆಯುವುದು. ಸೈಕಲ್ ಪೆಡಲ್ ತುಳಿದು ಸಾಣೆ ಹಿಡಿಯುವವರ ಹತ್ತಿರ ಈ ಚಾಕು ಕೊಡಬೇಡಿ. ಕಿಡಿ ಹಾರುವಷ್ಟು ಬಿಸಿಯಾದರೆ ತೆಳು ಬಾಯಿಯ ಹದ ಇಳಿಯುತ್ತದೆ. ಅಂಚು ನೀಲಿಗಟ್ಟಿತು ಅಂದರೆ ಆ ಭಾಗದ ಉಕ್ಕು ಮೆದುವಾಯಿತು ಅಂತಲೇ ಲೆಕ್ಕ, ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಕಡೆ ಒರಟು, ಇನ್ನೊಂದು ಕಡೆ ನುಣುಪು ಇರುವ ಸಾಣೆಕಲ್ಲು ಸಿಗುತ್ತದೆ, ಅದು ಸಾಕು. ಕಲ್ಲನ್ನು ನೀರಿನಲ್ಲಿ ನೆನೆಸಿ, ಒದ್ದೆ ಬಟ್ಟೆಯ ಮೇಲಿಟ್ಟರೆ ಜಾರುವುದಿಲ್ಲ. ಅಲಗನ್ನು ಕಲ್ಲಿನ ಮೇಲೆ ಮಲಗಿಸಿ, ಬೆನ್ನನ್ನು ಅರ್ಧ ಸೆಂಟಿಮೀಟರ್ ಎತ್ತಿ. ನಿಮ್ಮ ನಂಬರ್ 8ರ ಅಗಲಕ್ಕೆ ಸುಮಾರು 15-20 ಡಿಗ್ರಿ ಬರುತ್ತದೆ. ಆ ಎತ್ತರ ಬದಲಾಗದಂತೆ ಬುಡದಿಂದ ಮೊನೆಯವರೆಗೆ ಉಜ್ಜಿ. ಬಲ ಬೇಡ, ಕೈಯ ಭಾರವೇ ಸಾಕು. ಒಂದು ಮಗ್ಗುಲು ಸಾಕಷ್ಟು ಮಸೆದಾಗ ಇನ್ನೊಂದು ಮಗ್ಗುಲಲ್ಲಿ ತೆಳುವಾದ ಗರಿ ಏಳುತ್ತದೆ. ಬೆರಳನ್ನು ಬೆನ್ನಿನಿಂದ ಬಾಯಿಯ ಕಡೆಗೆ ಹಗುರವಾಗಿ ಸವರಿದರೆ ತಡೆದ ಹಾಗೆ ಗೊತ್ತಾಗುತ್ತದೆ. ಬಾಯಿಯ ಉದ್ದಕ್ಕೆ ಬೆರಳು ಎಳೆಯಬೇಡಿ, ಹೇಳಬೇಕಾಗಿಲ್ಲ. ಗರಿ ಉದ್ದಕ್ಕೂ ಎದ್ದ ಮೇಲೆ ಮಗ್ಗುಲು ಬದಲಿಸಿ, ಆಮೇಲೆ ನುಣುಪು ಕಡೆ ಅದೇ ಕೆಲಸ. ಗರಿ ಏಳುವ ಮೊದಲೇ ಮಗ್ಗುಲು ಬದಲಿಸುವುದರಿಂದಲೇ ಹೆಚ್ಚಿನವರ ಚಾಕು ಹರಿತ ಆಗುವುದಿಲ್ಲ. ಕೊನೆಗೆ ಹಳೇ ಚರ್ಮದ ಬೆಲ್ಟಿನ ಮೇಲೆ ಬೆನ್ನು ಮುಂದಾಗಿ ಎಳೆದರೆ ಗರಿ ಉದುರುತ್ತದೆ. ದಿನಪತ್ರಿಕೆಯ ಹಾಳೆಯನ್ನು ಗಾಳಿಯಲ್ಲಿ ಹಿಡಿದು ಕೊಯ್ಯಿರಿ, ಹರಿಯದೆ ಕೊಯ್ದರೆ ಕೆಲಸ ಮುಗಿಯಿತು. ನಡುನಡುವೆ ಹರಿತ ಸ್ವಲ್ಪ ಕಡಿಮೆಯಾದಾಗ ಕಲ್ಲು ತೆಗೆಯಬೇಕಿಲ್ಲ, ಪಿಂಗಾಣಿ ಕಪ್ಪಿನ ತಳದಲ್ಲಿ ಹೊಳಪಿಲ್ಲದ ಒರಟು ವರ್ತುಲ ಇರುತ್ತದಲ್ಲ, ಅದರ ಮೇಲೆ ನಾಲ್ಕು ಸಲ ಎಳೆದರೂ ನಡೆಯುತ್ತದೆ.

ಕಾನೂನು. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಆಯುಧದ ಪಟ್ಟಿಗೆ ಬರುವುದು ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಚಾಕು, ಕತ್ತಿಗಳು. ಮನೆಬಳಕೆಗೆ, ಕೃಷಿಗೆ ಅಂತಲೇ ಮಾಡಿದವಕ್ಕೆ ಅಲ್ಲೂ ವಿನಾಯಿತಿ ಇದೆ. ನಿಮ್ಮ ಚಾಕುವಿನ ಅಲಗು 8.5 ಸೆಂ.ಮೀ., ಅಂದರೆ ಮೂರೂವರೆ ಇಂಚೂ ಇಲ್ಲ. ಹಾಗಂತ ಎಲ್ಲಿಗೆ ಬೇಕಾದರೂ ಒಯ್ಯಬಹುದು ಅಂತಲ್ಲ. ಕೋರ್ಟು, ಚುನಾವಣಾ ಸಭೆ, ನಿಷೇಧಾಜ್ಞೆ ಇರುವ ಜಾಗಕ್ಕೆ ಹೋಗುವಾಗ ಮನೆಯಲ್ಲೇ ಬಿಡಿ. ಗುಂಡಿ ಒತ್ತಿದರೆ ಚಿಮ್ಮುವ ಚಾಕುಗಳ ಸಹವಾಸ ಬೇಡವೇ ಬೇಡ. ಹಿಂದಿ ಸಿನಿಮಾದ ರಾಂಪುರಿಯನ್ನು ನೋಡಿ ನೋಡಿ ಪೊಲೀಸರಿಗೂ ಪ್ರಯಾಣಿಕರಿಗೂ ಅದರ ಮೇಲೊಂದು ಕಣ್ಣು. ರೈಲಿನಲ್ಲಿ, ಬಸ್ಸಿನಲ್ಲಿ ಹಣ್ಣು ಕೊಯ್ಯುವ ಮೊದಲು ಪಕ್ಕದವರಿಗೆ ಒಂದು ಮಾತು ಹೇಳಿ, ಒಂದು ಹೋಳು ಅವರಿಗೂ ಕೊಡಿ.

ಗೋವಾಕ್ಕೆ ಹೋಗಿ ವಿಮಾನ ಹತ್ತುವುದಿದ್ದರೆ ಚಾಕು ಚೆಕ್-ಇನ್ ಸೂಟ್‌ಕೇಸಿನಲ್ಲಿ ಇರಬೇಕು. ಕೈಚೀಲದಲ್ಲಿ, ಕಿಸೆಯಲ್ಲಿ ಎಷ್ಟೇ ಸಣ್ಣದಿದ್ದರೂ ಬಿಡುವುದಿಲ್ಲ. ಹೊರಡುವ ಹಿಂದಿನ ರಾತ್ರಿಯೇ ಕಿಸೆ ತಡಕಿ ತೆಗೆದಿಡಿ. ದಿನಾ ಇಟ್ಟುಕೊಂಡು ರೂಢಿಯಾದವರಿಗೆ ಅದು ಕಿಸೆಯಲ್ಲಿದೆ ಎಂಬುದೇ ಮರೆತುಹೋಗಿರುತ್ತದೆ.